ಪದಚರ್ಚೆ: ‘ಡಿವಿಡಿ 6 ಎಕ್ಸ್’ ಅಂದರೆ ಯಾವುದರ ಆರು ಪಟ್ಟು?

ಗೆಳೆಯರೇ,

ಸಿಡಿ, ಡಿವಿಡಿ ಬರೆಯುವ ಒಂದು ತಂತ್ರಾಂಶವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಉಳಿದ ಪದಗಳೆಲ್ಲ ಬೇಗ ಮುಗಿದವು. ಡ್ರೈವಿನ ವೇಗ ತೋರಿಸುವ ಒಂದು ಸಾಲಿನಲ್ಲಿ ಮಾತ್ರ ನಾಲ್ಕು ದಿನದಿಂದ ಸಿಕ್ಕಿಕೊಂಡಿದ್ದೇನೆ. ಸಾಲು ಇದು:

ಮ್ಯಾಕ್ಸಿಮಮ್ ರೀಡ್ ಸ್ಪೀಡ್: 8467 ಕೆಬಿ/ಸೆ (ಸಿಡಿ 48 ಎಕ್ಸ್, ಡಿವಿಡಿ 6 ಎಕ್ಸ್)

ಮೊದಲು ಹೀಗೆ ಬರೆದಿದ್ದೆ: ‘ಓದುವ ಗರಿಷ್ಠ ವೇಗ: 8467 ಕೆಬಿ/ಸೆ (ಸಿಡಿಯಾದರೆ 48 ಪಟ್ಟು, ಡಿವಿಡಿಯಾದರೆ 6 ಪಟ್ಟು)’. ಓದಲು ಸರಾಗವಾಗಿಯೇ ಇತ್ತು. ಬಳಸಿ ನೋಡಿದ ಗೆಳತಿಯೊಬ್ಬರು ಕೇಳಿದರು: ‘ನನ್ನ ಡ್ರೈವಿನ ಮೇಲೆ ಡಿವಿಡಿ 16 ಎಕ್ಸ್ ಅಂತಿದೆ. ಇಲ್ಲಿ ಆರು ಅಂತ ಬರ್ತಿದೆ. ಡ್ರೈವ್ ಹಾಳಾಗಿದೆಯಾ?’ ಡ್ರೈವ್ ಚೆನ್ನಾಗಿಯೇ ಇತ್ತು. ತಪ್ಪು ನಾನು ಹಾಕಿದ ‘ಆದರೆ’ಯಲ್ಲಿತ್ತು.

ಇಲ್ಲಿ ಡ್ರೈವ್ ಹೇಳುವುದು 8467 ಎಂಬ ಒಂದೇ ಸಂಖ್ಯೆ. ಸೆಕೆಂಡಿಗೆ ಇಷ್ಟು ಸಾವಿರ ಬೈಟು ಅಂತ ಅದರ ಅರ್ಥ. ಅದು ಮೂಲ ವೇಗದ ಎಷ್ಟು ಪಟ್ಟು ಎಂಬ ‘ಎಕ್ಸ್’ ಲೆಕ್ಕ ಹಾಕುವುದು ತಂತ್ರಾಂಶ. ಸಿಡಿಯ ಮೂಲ ವೇಗ ಸೆಕೆಂಡಿಗೆ ಸುಮಾರು 176 ಸಾವಿರ ಬೈಟು, ಅದರಿಂದ ಭಾಗಿಸಿದರೆ 48. ಡಿವಿಡಿಯ ಮೂಲ ವೇಗ 1385 ಸಾವಿರ ಬೈಟು, ಅದರಿಂದ ಭಾಗಿಸಿದರೆ 6. ಒಂದೇ ಬಟ್ಟೆಯನ್ನು ಒಮ್ಮೆ ಗೇಣಿನಲ್ಲಿ, ಇನ್ನೊಮ್ಮೆ ಮೊಳದಲ್ಲಿ ಅಳೆದ ಹಾಗೆ. ಡಿವಿಡಿ ಹಾಕಿದಾಗ ಡ್ರೈವ್ ಎಷ್ಟು ವೇಗದಲ್ಲಿ ಓದುತ್ತದೆ ಎಂಬುದನ್ನು ಆ ಸಾಲು ಹೇಳುತ್ತಲೇ ಇಲ್ಲ.

ಈಗ ಹೀಗೆ ಬದಲಿಸಿದ್ದೇನೆ: ‘ಸಿಡಿ ಲೆಕ್ಕದಲ್ಲಿ 48 ಪಟ್ಟು, ಡಿವಿಡಿ ಲೆಕ್ಕದಲ್ಲಿ 6 ಪಟ್ಟು’. ‘ಸಿಡಿಗೆ’, ‘ಸಿಡಿಯಲ್ಲಿ’, ‘ಸಿಡಿಯಾದರೆ’ ಈ ಮೂರೂ ರೂಪಗಳು ಸಿಡಿಯ ತಟ್ಟೆಯನ್ನೇ ಡ್ರೈವಿನೊಳಗೆ ಇಟ್ಟುಬಿಡುತ್ತವೆ. ‘ಲೆಕ್ಕದಲ್ಲಿ’ ಅಂದಾಗ ಮಾತ್ರ ಅದು ಬರೀ ಅಳತೆ ಅಂತ ಗೊತ್ತಾಗುತ್ತದೆ. ನನ್ನ ಕಿವಿಗೆ ಹೀಗೆ ಕೇಳುತ್ತದೆ. ನಿಮಗೂ ಹಾಗೇ ಅನಿಸುತ್ತದೆಯಾ?

ಇದರ ಜೊತೆ ಇನ್ನೊಂದು ತೊಡಕಿದೆ. ಸಿಡಿಯ ಒಂದು ಎಕ್ಸ್ ಅಂದರೆ 150 ಕೆಬಿ ಅಂತ ನಾವೆಲ್ಲ ಕಲಿತದ್ದು, ಅಲ್ವಾ? ಅದೂ ಸರಿ, 176 ಕೂಡ ಸರಿ. ಮೂಲ ವೇಗದಲ್ಲಿ ಸಿಡಿಯಿಂದ ಸೆಕೆಂಡಿಗೆ 75 ಸೆಕ್ಟರ್, ಅಂದರೆ ಮಾಹಿತಿಯ ತುಣುಕುಗಳು, ಬರುತ್ತವೆ. ಹಾಡಿನ ಸಿಡಿಯಲ್ಲಿ ಒಂದು ಸೆಕ್ಟರಿಗೆ 2352 ಬೈಟು. ಕಡತಗಳ ಸಿಡಿಯಲ್ಲಿ ಅದರಲ್ಲಿ 2048 ಬೈಟು ಮಾತ್ರ ನಮ್ಮ ಕೈಗೆ ಸಿಗುತ್ತದೆ. ಉಳಿದದ್ದು ಸೆಕ್ಟರಿನ ಗುರುತಿಗೆ, ತಪ್ಪು ತಿದ್ದುವುದಕ್ಕೆ ಹೋಗುತ್ತದೆ. ಜೊತೆಗೆ ಆ 150ರ ಕೆಬಿ 1024 ಬೈಟಿನದು, 176ರ ಕೆಬಿ 1000 ಬೈಟಿನದು. ಒಬ್ಬರು 48ನ್ನು 150ರಿಂದ ಗುಣಿಸಿ 7200 ಅನ್ನುತ್ತಾರೆ, ಡ್ರೈವ್ 8467 ಅನ್ನುತ್ತದೆ. ಹಾಗಾಗಿ ‘ಕೆಬಿ’ಯನ್ನು ಬಿಟ್ಟು ‘ಸಾವಿರ ಬೈಟು/ಸೆ’ ಅಂತಲೇ ಬರೆಯೋಣ ಅಂತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪರವಾಗಿಲ್ಲ.

ಇನ್ನು ‘ಪಟ್ಟು’. ‘ಮಡಿ’ ಬಳಸಿ ಅಂತ ಒಬ್ಬರು ಹೇಳಿದ್ದರು. ಇಮ್ಮಡಿ, ಮುಮ್ಮಡಿ, ನೂರ್ಮಡಿ ಅಂತ ಬೆಸೆದಾಗ ಅದು ಚೆಂದ. ‘48 ಮಡಿ’ ಅಂತ ಅಂಕಿಯ ಪಕ್ಕ ಒಂಟಿಯಾಗಿ ನಿಲ್ಲಿಸಿದರೆ ಮಡಿಸಿದ ಬಟ್ಟೆಯೋ, ಮಡಿಬಟ್ಟೆಯೋ ಕಣ್ಣ ಮುಂದೆ ಬರುತ್ತದೆ. ಅಲ್ಲದೆ ಇಮ್ಮಡಿ ಪುಲಿಕೇಶಿ ಅಂದರೆ ಎರಡನೆಯ ಪುಲಿಕೇಶಿ, ಎರಡರಷ್ಟು ಪುಲಿಕೇಶಿ ಅಲ್ಲ. ‘ಪಟ್ಟು’ವಿಗೆ ಆ ತೊಂದರೆ ಇಲ್ಲ. ‘ಎಕ್ಸ್’ ಅಂತಲೇ ಬಿಡಬಹುದಿತ್ತು, ಡ್ರೈವಿನ ಮೇಲೂ ಹಾಗೇ ಇರುತ್ತದೆ. ಆದರೆ ‘ಪಟ್ಟು’ ಅಂದ ತಕ್ಷಣ ಓದುಗರು ‘ಯಾವುದರ?’ ಅಂತ ಕೇಳುತ್ತಾರೆ. ಈ ಸಾಲಿನಲ್ಲಿ ಬೇಕಾದದ್ದೇ ಆ ಪ್ರಶ್ನೆ. ಒಂದು ಎಚ್ಚರಿಕೆ: ‘48 ಪಟ್ಟು ಹೆಚ್ಚು’ ಅಂತ ಬರೆಯಬೇಡಿ. ಲೆಕ್ಕ ಹಿಡಿದು ನೋಡಿದರೆ ಅದು 49 ಪಟ್ಟು ಆಗುತ್ತದೆ.

‘ಗರಿಷ್ಠ’ವನ್ನು ಸುಮ್ನೆ ಬಿಡಬಾರದು. ಇಂಥ ಡ್ರೈವುಗಳು ತಟ್ಟೆಯನ್ನು ನಿಮಿಷಕ್ಕೆ ಅಷ್ಟೇ ಸುತ್ತು ಅಂತ ಒಂದೇ ಸಮನೆ ತಿರುಗಿಸುತ್ತವೆ, ಹಾಗಾಗಿ ಅಂಚಿನ ಕಡೆ ಓದುವ ವೇಗ ಹೆಚ್ಚು. ಸಿಡಿಯಲ್ಲಿ ಬರಹ ಶುರುವಾಗುವುದು ನಡುವಿನಿಂದ ಸುಮಾರು 25 ಮಿ.ಮೀ. ದೂರದಲ್ಲಿ, ಮುಗಿಯುವುದು 58 ಮಿ.ಮೀ. ಹತ್ತಿರ. ಅಂಚಿನಲ್ಲಿ 48 ಪಟ್ಟು ಇದ್ದರೆ ಒಳಗೆ 20ರ ಆಸುಪಾಸು. ಅದಕ್ಕೇ ‘48 ಪಟ್ಟಿನವರೆಗೆ’ ಅನ್ನುವುದು ಹೆಚ್ಚು ನಿಜ.

ಬರೆಯುವ ವೇಗದ ಕಡೆ ‘ಕರೆಂಟ್ ರೈಟ್ ಸ್ಪೀಡ್’ ಅಂತ ಒಂದಿದೆ. ‘ಈಗಿನ ಬರೆಯುವ ವೇಗ’ ಅಂದರೆ ಈ ಕ್ಷಣ ಏನೋ ಬರೆಯುತ್ತಿದೆ ಅನಿಸುತ್ತದೆ. ಡ್ರೈವ್ ಸುಮ್ಮನೆ ಕೂತಿದ್ದರೂ ಅಲ್ಲಿ ಒಂದು ಸಂಖ್ಯೆ ಇರುತ್ತದೆ, ಯಾಕೆಂದರೆ ಅದು ಮೊದಲೇ ಆರಿಸಿಟ್ಟ ವೇಗ. ‘ಬರೆಯಲು ಆರಿಸಿದ ವೇಗ’ ಸಾಕು ಅಂತ ನನಗನಿಸುತ್ತದೆ. ಇಂಗ್ಲಿಷಿನ ‘ಬರ್ನ್’ ನೋಡಿ ‘ಸುಡುವ ವೇಗ’ ಅನ್ನುವುದು ಬೇಡವೇ ಬೇಡ. ಸುಟ್ಟ ಸಿಡಿ ಅಂದರೆ ಕೆಟ್ಟ ಸಿಡಿ ಅಂತಲೇ ಕೇಳಿಸುತ್ತದೆ.

ನನಗೆ ನಿಜಕ್ಕೂ ಉತ್ತರ ಸಿಗದಿರುವುದು ‘1 ಎಕ್ಸ್’ಗೆ. ವೇಗ ಆರಿಸುವ ಪಟ್ಟಿಯಲ್ಲಿ ಅದೂ ಬರುತ್ತದೆ. ಕನ್ನಡದಲ್ಲಿ ಪಟ್ಟು ಸಾಮಾನ್ಯವಾಗಿ ಶುರುವಾಗುವುದು ಎರಡರಿಂದ, ಬರೀ ‘ಒಂದು ಪಟ್ಟು’ ಅನ್ನುವುದು ಅಪರೂಪ. ಸದ್ಯಕ್ಕೆ ‘ಮೂಲ ವೇಗ’ ಅಂತ ಹಾಕಿದ್ದೇನೆ. ಆದರೆ ತಂತ್ರಾಂಶ ತಾನಾಗಿ ಆರಿಸಿಕೊಳ್ಳುವ ವೇಗ ಅಂತ ಅದನ್ನು ಓದುವ ಅಪಾಯವಿದೆ. 80 ನಿಮಿಷದ ಹಾಡಿನ ಸಿಡಿ ಬರೆಯಲು 80 ನಿಮಿಷವೇ ಹಿಡಿಯುವ ವೇಗ ಅದು, ಅಂದರೆ ಹಾಡು ಕೇಳುವಷ್ಟೇ ಹೊತ್ತು. ‘ಕೇಳುವ ವೇಗ’ ಅನ್ನೋಣವೆಂದರೆ ಡಿವಿಡಿಗೆ ಹೊಂದುವುದಿಲ್ಲ. ನಿಮ್ಮಲ್ಲಿ ಬೇರೆ ಪದವಿದೆಯಾ?