ಚಾಸಿ 250 ಎಂಎಂ ಗಿಡ್ಡ ಮಾಡಿದ ಮೇಲೆ 50ರಲ್ಲಿ ನಡುಕ: ಹಳೇ ಡಿಐ ಪಿಕಪ್

ಆಲ್ದೂರು_ಪಿಕಪ್:
ಎಲ್ಲ ಹೊಸದು ಹಾಕಿದ್ರೂ ನಡುಕ ಹೋಗ್ತಿಲ್ಲ. 45 ಕಿಮೀ ವೇಗ ದಾಟಿದ್ರೆ ಶುರು, 55ಕ್ಕೆ ಸೀಟು, ಗೇರ್ ಲಿವರ್ ಎಲ್ಲ ಜುಂ ಅನ್ನುತ್ತೆ. ಶಾಫ್ಟಿನ ಎರಡು ತುದಿಯ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಹೊಸದು, ಗೇರ್‌ಬಾಕ್ಸ್ ಮೌಂಟಿಂಗ್ ಹೊಸದು, ವೀಲ್ ಬ್ಯಾಲೆನ್ಸಿಂಗ್ ಆಗಿದೆ. ಚಾಸಿ ಗಿಡ್ಡ ಮಾಡಿ ಫ್ಲಾಟ್‌ಬೆಡ್ ಕೂರಿಸಿದ್ದು ಬಿಟ್ರೆ ಬೇರೇನೂ ಮುಟ್ಟಿಲ್ಲ. ಗ್ಯಾರೇಜಲ್ಲಿ ಕೇಳಿದ್ರೆ ‘ಹಳೇ ಗಾಡಿ, ಹಿಂಗೇ’ ಅಂತಾರೆ. ಗೊತ್ತಿರೋರು ನೇರ ಹೇಳಿ. ‘ಮಾರಿ ಹೊಸದು ತಗೊಳ್ಳಿ’ ಅನ್ನೋರು ದಯವಿಟ್ಟು ಬರಬೇಡಿ.

ಬ್ಯಾಲೆನ್ಸ್_ಹಾಸನ:
ಚಾಸಿ ಗಿಡ್ಡ ಆಯ್ತು ಅಂದ್ರೆ ಪ್ರೊಪೆಲ್ಲರ್ ಶಾಫ್ಟನ್ನೂ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೋ ಪೈಪ್) ಕತ್ತರಿಸಿ ಬೆಸೆದಿದ್ದೀರಲ್ಲ, ಡೈನಮಿಕ್ ಬ್ಯಾಲೆನ್ಸ್ (ತಿರುಗಿಸಿ ತೂಕ ಸಮ ಮಾಡೋದು) ಮಾಡಿಸಿದ್ರಾ? ಇಲ್ಲ ಅಂದ್ರೆ ಮುಂದೆ ಮಾತೇ ಬೇಡ. ಡಯಲ್ ಗೇಜ್ ಇಟ್ಟು ಪೈಪ್ ತಿರುಗಿಸಿ, ಓಲಾಟ 0.5 ಎಂಎಂ ಮೀರಿದ್ರೆ ವೆಲ್ಡ್ ಎಳೆದಿದೆ ಅಂತ ಅರ್ಥ. ಲೇತ್‌ನವರು ಪೈಪ್ ಸುತ್ತ ಒಂದೇ ಕಡೆಯಿಂದ ಬೆಸೆದ್ಬಿಡ್ತಾರೆ. ನಾಲ್ಕು ಕಡೆ ಟ್ಯಾಕ್ (ಸಣ್ಣ ಚುಕ್ಕೆ ಬೆಸುಗೆ) ಹಾಕಿ ಎದುರುಬದುರು ಬೆಸೀಬೇಕು.

ಕೆಎ18_ಆರ್‌ಸಿ:
ನಡುಕ ಆಮೇಲೆ. ವೀಲ್‌ಬೇಸ್ (ಮುಂದಿನ, ಹಿಂದಿನ ಆಕ್ಸಲ್ ನಡುವಿನ ಅಂತರ) ಆರ್‌ಸಿಯಲ್ಲಿ ನಮೂದಾಗಿರುತ್ತೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ಇದು ಅನುಮತಿ ಇಲ್ಲದ ಮಾರ್ಪಾಡು. 2019ರ ತಿದ್ದುಪಡಿಯಲ್ಲಿ ಬಂದ 182ಎ(4)ರಲ್ಲಿ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ, ಇಲ್ಲ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು.

ಆಲ್ದೂರು_ಪಿಕಪ್:
ತೋಟದೊಳಗೆ ಓಡ್ಸೋ ಗಾಡಿ ಸಾರ್. ಅದಲ್ಲ ಪ್ರಶ್ನೆ.

ಕೆಎ18_ಆರ್‌ಸಿ:
ತೋಟದೊಳಗೆ 55ರಲ್ಲಿ ಓಡಿಸ್ತೀರಾ?

ಕಮಾನು_ಕೊಪ್ಪ:
ಎಂತಕ್ಕೆ ಜಗಳ? ಮೊದ್ಲು ಇಷ್ಟು ಹೇಳಿ: ಗಾಡಿ ಯಾವುದು, ಟೈರ್ ಸೈಜ್ ಏನು, ಹಿಂದಿನ ಶಾಕಲ್ (ಕಮಾನಿನ ತುದಿಯನ್ನ ಚಾಸಿಗೆ ಜೋಡಿಸೋ ಕೊಂಡಿ) ಹಳೇದೋ ಉದ್ದದ್ದೋ, ಕಮಾನು (ಲೀಫ್ ಸ್ಪ್ರಿಂಗ್) ಆಕ್ಸಲ್ ಹೌಸಿಂಗ್ ಮೇಲೆ ಕೂತಿದೆಯೋ ಕೆಳಗೋ. 50ರಲ್ಲಿ ಹೋಗ್ತಾ ಗೇರ್ ಬದಲಾಯಿಸಿದ್ರೂ ಅದೇ ವೇಗದಲ್ಲಿ ನಡುಕ ಇದ್ದರೆ ಎಂಜಿನ್, ಕ್ಲಚ್ ಕಡೆ ನೋಡೋದು ಬೇಡ. ಆಕ್ಸಿಲರೇಟರ್ ಒತ್ತಿದಾಗ ಒಂಥರ, ಬಿಟ್ಟಾಗ ಒಂಥರ ಆದ್ರೆ ಶಾಫ್ಟ್ ಕೋನದ ಮೇಲೆ ಅನುಮಾನ. ಎರಡರಲ್ಲೂ ಒಂದೇ ಆಗಿ ವೇಗದ ಜೊತೆ ಏರ್ತಾ ಹೋದ್ರೆ ಬ್ಯಾಲೆನ್ಸ್. ಇದನ್ನ ಬೇಲೂರು–ಹಾಸನ ರಸ್ತೆಯಲ್ಲಿ ನೇರ ಸಿಕ್ಕಿದ ಕಡೆ ನೋಡಿ, ಚಾರ್ಮಾಡಿ ಇಳಿಜಾರಲ್ಲಿ ಬೇಡ.

ಬ್ಯಾಲೆನ್ಸ್_ಹಾಸನ:
ಅಷ್ಟೆಲ್ಲ ಯಾಕಣ್ಣ. ಶಾಫ್ಟ್ ಹಿಂಭಾಗಕ್ಕೆ ಒಂದು ಹೋಸ್ ಕ್ಲಿಪ್ ಬಿಗಿದು ಓಡಿಸಿ. ಕ್ಲಿಪ್ಪಿನ ತಲೆಯನ್ನ 90 ಡಿಗ್ರಿಯಂತೆ ತಿರುಗಿಸ್ತಾ ನಾಲ್ಕು ಜಾಗ ನೋಡಿ. ಎಲ್ಲಿ ನಡುಕ ಕಡಿಮೆಯೋ ಅಲ್ಲಿ ಎರಡನೇ ಕ್ಲಿಪ್ ಸೇರಿಸಿ, ಎರಡರ ತಲೆ ಸ್ವಲ್ಪ ಅಗಲಿಸ್ತಾ ಹೊಂದಿಸಿ. ಎಷ್ಟೋ ಗಾಡಿ ಇಷ್ಟರಲ್ಲೇ ಸರಿ ಹೋಗುತ್ತೆ.

ಸಕಲೇಶಪುರ_ವಿಂಚ್:
ನಮ್ಮ ಕೆಎ46 ಗಾಡೀಲಿ ಡಬಲ್ ಕಾರ್ಡನ್ ಶಾಫ್ಟ್ (ಒಂದು ತುದೀಲಿ ಜೋಡಿ ಕ್ರಾಸ್ ಇರೋದು), ಎರಡೂ ಆಕ್ಸಲ್‌ಗೆ ಲಾಕರ್, ಮುಂದೆ 9,500 ಪೌಂಡ್ ವಿಂಚ್. ಬಿಸ್ಲೆ ಕಡೆ ಕೆಸರಲ್ಲೂ ನೋ ಟೆನ್ಷನ್. ಫೋಟೋ ಹಾಕ್ಲಾ?

ಆಲ್ದೂರು_ಪಿಕಪ್:
ಬೇಡ. ಮಹೀಂದ್ರ, 2523 ಸಿಸಿ. ಟೈರ್ 7.50-16. ಕಮಾನು ಹೌಸಿಂಗ್ ಮೇಲೆ. ಟೈರ್ ತಾಗ್ತಿತ್ತು ಅಂತ ಹಿಂದೆ 50 ಎಂಎಂ ಉದ್ದದ ಶಾಕಲ್ ಹಾಕಿದೆ, ಅದೇನು ದೊಡ್ಡ ವಿಷಯ ಅಲ್ಲ. ಗೇರ್ ಬದಲಾಯಿಸಿದ್ರೂ ನಡುಕ ಇದೆ. ಕಾಲು ಎತ್ತಿದ್ರೆ ಸ್ವಲ್ಪ ತಗ್ಗುತ್ತೆ.

ಕಮಾನು_ಕೊಪ್ಪ:
ಅದೇ ವಿಷಯ ಮಾರಾಯ್ರೆ! ಶಾಕಲ್ 50 ಎಂಎಂ ಉದ್ದ ಆದ್ರೆ ಆಕ್ಸಲ್ ಹತ್ರ ಚಾಸಿ ಏರೋದು ಸುಮಾರು 25 ಎಂಎಂ ಮಾತ್ರ. ಆದ್ರೆ ಕಮಾನಿನ ಹಿಂದಿನ ಕಣ್ಣು (ತುದಿಯ ತೂತು) ಕೆಳಗಿಳಿದು ಪಿನಿಯನ್ (ಆಕ್ಸಲ್‌ನಲ್ಲಿ ಶಾಫ್ಟ್ ಸೇರೋ ಗೇರ್) ಮೂತಿ ಮೇಲಕ್ಕೆ ತಿರುಗುತ್ತೆ. ಕಣ್ಣಿಂದ ಕಣ್ಣಿಗೆ 1,200 ಎಂಎಂ ಕಮಾನಾದ್ರೆ 2.4 ಡಿಗ್ರಿ. ಅತ್ತ ಚಾಸಿ ಹಿಂದೆ ಎದ್ದು ಗೇರ್‌ಬಾಕ್ಸ್ ಇಳಿಜಾರು ಅರ್ಧ ಡಿಗ್ರಿಯಷ್ಟು ಕಡಿಮೆ ಆಗಿರುತ್ತೆ. ಶಾಫ್ಟ್ ಬೇರೆ ಗಿಡ್ಡ, ಹಾಗಾಗಿ ಅದರ ಕೋನವೂ ಕಡಿದಾಗಿದೆ. ಎರಡು ಕ್ರಾಸ್ ಇರೋ ಶಾಫ್ಟಲ್ಲಿ ಗೇರ್‌ಬಾಕ್ಸ್ ಔಟ್‌ಪುಟ್ ಮತ್ತು ಪಿನಿಯನ್ ಸಮಾಂತರ ಇರಬೇಕು, ವ್ಯತ್ಯಾಸ 1 ಡಿಗ್ರಿಯೊಳಗೆ. ಇಲ್ಲಾಂದ್ರೆ ಒಂದು ಕ್ರಾಸ್ ಮಾಡಿದ ಏರುಪೇರನ್ನ ಇನ್ನೊಂದು ಕಳೆಯೋದಿಲ್ಲ, ಶಾಫ್ಟಿನ ಒಂದೊಂದು ಸುತ್ತಲ್ಲೂ ಎರಡು ಸಲ ಕುಲುಕುತ್ತೆ. ನಿಮ್ಮ ಟೈರಿಗೆ, ಆಕ್ಸಲ್ ರೇಶಿಯೋ 4.88 ಆಗಿದ್ರೆ (ಚಕ್ರ ಒಂದು ಸುತ್ತು ಬಂದ್ರೆ ಶಾಫ್ಟ್ 4.88 ಸುತ್ತು), 50ರಲ್ಲಿ ಶಾಫ್ಟ್ ನಿಮಿಷಕ್ಕೆ 1,600 ಸುತ್ತು. ಕುಲುಕು 3,200.

ಅಳೆಯೋದು ಹೀಗೆ. ಸಮ ನೆಲ, ಗಾಡಿ ನಾಲ್ಕೂ ಚಕ್ರದ ಮೇಲೆ, ಜ್ಯಾಕ್ ಬೇಡ. ಮೊದ್ಲು ಚಕ್ರಕ್ಕೆ ಕಲ್ಲು ಕೊಡಿ. ಆಮೇಲೆ ಶಾಫ್ಟ್ ಬಿಚ್ಚಿ, ಗೇರ್‌ಬಾಕ್ಸ್ ಫ್ಲಾಂಜಿನ (ಶಾಫ್ಟ್ ಬೋಲ್ಟ್ ಆಗೋ ಚಪ್ಪಟೆ ತಟ್ಟೆ) ಮುಖಕ್ಕೆ ಸ್ಟೀಲ್ ಸ್ಕೇಲ್ ನೆಟ್ಟಗೆ ಒತ್ತಿ, ಅದರ ಮೇಲೆ ಮೊಬೈಲ್ ಇಟ್ಟು ಕೋನ ಬರ್ಕೊಳ್ಳಿ. ಪಿನಿಯನ್ ಫ್ಲಾಂಜಿಗೂ ಹಾಗೇ. ಬಿಚ್ಚಿದ ಶಾಫ್ಟನ್ನ ನೆಲದ ಮೇಲಿಟ್ಟು ಎರಡೂ ತುದಿಯ ಯೋಕ್ (ಕ್ರಾಸ್ ಹಿಡಿಯೋ ಕವೆ) ಕಿವಿಗಳು ಒಂದೇ ಸಾಲಲ್ಲಿವೆಯಾ ನೋಡಿ. ಸ್ಪ್ಲೈನ್ (ಶಾಫ್ಟಿನ ಎರಡು ತುಂಡು ಜಾರಿ ಸೇರೋ ಹಲ್ಲುಸಾಲು) ಒಂದು ಹಲ್ಲು ಆಚೀಚೆ ಕೂತಿದ್ರೂ ಇದೇ ನಡುಕ ಬರುತ್ತೆ.

ಬ್ಯಾಲೆನ್ಸ್_ಹಾಸನ:
ಕೋನ ಸರಿ ಇದ್ರೂ ಬ್ಯಾಲೆನ್ಸ್ ಬೇಕೇ ಬೇಕು.

ವೆಲ್ಡಿಂಗ್_ಬೇಲೂರು:
ಚಾಸಿ ಕಟ್ ಹೇಗೆ ಮಾಡಿದ್ರಿ ಅಂತ ಯಾರೂ ಕೇಳಲಿಲ್ಲ. ಎರಡೂ ಪಟ್ಟಿ ಒಂದೇ ಜಾಗದಲ್ಲಿ ನೆಟ್ಟಗೆ ಕುಯ್ದು ಬೆಸೆದಿದ್ರೆ ಲೋಡ್ ಹಾಕಿದ ದಿನ ವೆಲ್ಡ್ ಪಕ್ಕ ಸೀಳುತ್ತೆ. 45 ಡಿಗ್ರಿ ಓರೆ ಕಟ್ ಇಲ್ಲ ಮೆಟ್ಟಿಲು ಕಟ್, ಎಡ ಬಲ ಬೇರೆ ಬೇರೆ ಜಾಗದಲ್ಲಿ. ಒಳಗಿನಿಂದ ಚಾಸಿಯಷ್ಟೇ ದಪ್ಪದ ಪ್ಲೇಟ್, ತುದಿ ವಜ್ರಾಕಾರ. ಚಾಸಿ ಫ್ಲಾಂಜಿನ (ಪಟ್ಟಿಯ ಮೇಲಿನ, ಕೆಳಗಿನ ಮಡಿಕೆ) ಅಂಚಿಗೆ ಅಡ್ಡ ವೆಲ್ಡ್ ಬೇಡ, ಫ್ಲಾಂಜಲ್ಲಿ ತೂತೂ ಬೇಡ. 7018 ವೆಲ್ಡಿಂಗ್ ರಾಡ್, 3.15 ಎಂಎಂ, 100ರಿಂದ 140 ಆಂಪ್ಸ್, ಡಿಸಿ. ಮಲೆನಾಡ ಮಳೆಗಾಲದಲ್ಲಿ ಪ್ಯಾಕೆಟ್ ಒಡೆದಿಟ್ಟ ರಾಡ್ ತೇವ ಕುಡಿದಿರುತ್ತೆ. ಓವನ್ನಲ್ಲಿ 300–350 ಡಿಗ್ರಿಗೆ ಗಂಟೆ ಎರಡು ಗಂಟೆ ಒಣಗಿಸದಿದ್ರೆ ಬಿರುಕು ಗ್ಯಾರಂಟಿ. ಬೆಸೆಯೋ ಮೊದ್ಲು ಬ್ಯಾಟರಿ, ಆಲ್ಟರ್ನೇಟರ್ ವಯರ್ ಕಳಚಿ.

ಗಾಡಿ ಒಂದು ಕಡೆ ಎಳೀತಿದ್ರೆ ಕರ್ಣ ಅಳೆಯಿರಿ. ಮುಂದಿನ ಎಡ ಹ್ಯಾಂಗರ್ (ಕಮಾನು ಚಾಸಿಗೆ ಸೇರೋ ಬ್ರಾಕೆಟ್) ಬೋಲ್ಟಿಂದ ಹಿಂದಿನ ಬಲಕ್ಕೆ, ಆಮೇಲೆ ತಿರುಗಿಸಿ. ಗಾರೆಯವರ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಚಾಕ್ ಗುರುತು ಹಾಕಿ ಟೇಪ್ ಹಿಡಿದ್ರೆ ಸಾಕು. ವ್ಯತ್ಯಾಸ 3 ಎಂಎಂ ದಾಟಬಾರದು.

ಆಲ್ದೂರು_ಪಿಕಪ್:
ಗೇರ್‌ಬಾಕ್ಸ್ 2.4 ಡಿಗ್ರಿ, ಪಿನಿಯನ್ 4.8. ಯೋಕ್ ಸಾಲಲ್ಲಿವೆ. ಕರ್ಣ ವ್ಯತ್ಯಾಸ 2 ಎಂಎಂ. ಕಟ್ ಓರೆಯಲ್ಲೇ ಮಾಡಿದ್ದು.

ಕಮಾನು_ಕೊಪ್ಪ:
ಹಳೇ ಶಾಕಲ್ ವಾಪಸ್ ಹಾಕೋದು ಒಳ್ಳೇದು, ಎರಡೂ ಹೆಚ್ಚುಕಮ್ಮಿ 3ಕ್ಕೆ ಬಂದು ನಿಲ್ತವೆ.

ಆಲ್ದೂರು_ಪಿಕಪ್:
ಟೈರ್ ತಾಗುತ್ತೆ ಅಂದ್ನಲ್ಲ.

ಕಮಾನು_ಕೊಪ್ಪ:
ಹಾಗಾದ್ರೆ 2.5 ಡಿಗ್ರಿ ಟೇಪರ್ ಬೆಣೆ, ಕಮಾನು ಮತ್ತು ಹೌಸಿಂಗ್ ಸೀಟಿನ ನಡುವೆ. ಉಕ್ಕಿನದೇ ಇರಲಿ, ಅಲ್ಯೂಮಿನಿಯಂ ಒಡೆದು ಜಾರುತ್ತೆ. ನಿಮ್ಮದು ಕಮಾನು ಮೇಲಿರೋದ್ರಿಂದ ದಪ್ಪ ಬದಿ ಮುಂದಕ್ಕೆ, ಆಗ ಪಿನಿಯನ್ ಮೂತಿ ಬಗ್ಗುತ್ತೆ. ಕಮಾನು ಕೆಳಗಿರೋ ಹಳೇ ಜೀಪಿಗೆ ಉಲ್ಟಾ, ದಪ್ಪ ಬದಿ ಹಿಂದಕ್ಕೆ. ಸೆಂಟರ್ ಬೋಲ್ಟ್ ಉದ್ದ ಬೇಕು, ಅದರ ತಲೆ ಸೀಟಿನ ಗುಂಡಿಯೊಳಗೆ ಪೂರ್ತಿ ಕೂರಬೇಕು. ಯೂ ಬೋಲ್ಟ್ ಹೊಸದು. 100 ಕಿಮೀ ಆದ್ಮೇಲೆ ಮತ್ತೆ ಬಿಗಿ, 500ಕ್ಕೆ ಮತ್ತೊಮ್ಮೆ. ಹಾಗೇ ಹ್ಯಾಂಡ್‌ಬ್ರೇಕ್ ಕೇಬಲ್ ಜೋಲು ಬಿದ್ದು ಶಾಫ್ಟಿಗೆ ಉಜ್ಜುತ್ತಿದೆಯಾ ನೋಡಿ, ಗಿಡ್ಡ ಮಾಡಿದ ಗಾಡೀಲಿ ಅದನ್ನ ಎಲ್ರೂ ಮರೀತಾರೆ.

ಆಲ್ದೂರು_ಪಿಕಪ್:
ಬೆಣೆ ಹಾಕ್ಸಿದೆ. 45–55ರ ನಡುಕ ಹೋಯ್ತು. 70ರ ಹತ್ರ ಸಣ್ಣಗೆ ಗುಂಯ್ ಅನ್ನುತ್ತೆ, ಕಾಲು ಎತ್ತಿದ್ರೂ ಹಾಗೇ.

ಬ್ಯಾಲೆನ್ಸ್_ಹಾಸನ:
ಹೇಳಿರ್ಲಿಲ್ವಾ!

ಕಮಾನು_ಕೊಪ್ಪ:
ಈಗ ನಿಮ್ಮ ಮಾತು ಸರಿ. ಮೊದ್ಲು ಯೂ ಬೋಲ್ಟ್ ಬಿಗಿ ಮಾಡ್ಸಿ, ಆಮೇಲೆ ಕ್ಲಿಪ್ ಪ್ರಯೋಗ. ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಓಡಿಸೋದಾದ್ರೆ ಸ್ಟ್ಯಾಂಡ್ ಆಕ್ಸಲ್ ಕೆಳಗಿಡಿ. ಚಾಸಿ ಕೆಳಗಿಟ್ರೆ ಆಕ್ಸಲ್ ಜೋತುಬಿದ್ದು ಕೋನ ಬದಲಾಗುತ್ತೆ, ಏನೂ ಗೊತ್ತಾಗಲ್ಲ. ಶಾಫ್ಟ್ ತಿರುಗುವಾಗ ಗಾಡಿ ಕೆಳಗೆ ಯಾರೂ ಇರಬಾರದು.

ಸಕಲೇಶಪುರ_ವಿಂಚ್:
ಡಬಲ್ ಕಾರ್ಡನ್ ಹಾಕಿದ್ರೆ ಇದೆಲ್ಲ ಇರ್ತಿರ್ಲಿಲ್ಲ. ಅಂದಹಾಗೆ 9,500 ವಿಂಚಿಗೆ ಸ್ಟೀಲ್ ರೋಪ್ ತೆಗೆದು ಸಿಂಥೆಟಿಕ್ ಹಾಕಿರೋರು ಯಾರಾದ್ರೂ ಇದ್ದೀರಾ?