ಪದಚರ್ಚೆ: ವಿಮಾನದ ‘ಡ್ರ್ಯಾಗ್’ಗೆ ‘ಎಳೆತ’ ಅಂದರೆ ಸರಿಯೇ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪದ ನನ್ನನ್ನು ಕಾಡುತ್ತಿದೆ. ಹಾರುವ ವಿಮಾನವನ್ನು ಗಾಳಿ ಹಿಂದಕ್ಕೆ ಹಿಡಿಯುವ ಬಲಕ್ಕೆ ವಿಮಾನದವರು ‘ಡ್ರ್ಯಾಗ್’ ಅನ್ನುತ್ತಾರಲ್ಲ, ಅದಕ್ಕೆ ಕನ್ನಡದಲ್ಲಿ ಏನನ್ನಬೇಕು? ನಿಘಂಟು ನೋಡಿ ‘ಎಳೆತ’ ಎಂದು ಬರೆದೆ. ಓದಿದ ಅಪ್ಪನಿಗೆ ಅರ್ಥ ಪೂರ್ತಿ ಉಲ್ಟಾ ಆಯಿತು.

ಸಂದರ್ಭ ಹೇಳಿಬಿಡುತ್ತೇನೆ. ನಾನಿರುವುದು ಅಮೆರಿಕದ ಆರೆಗಾನ್‌ನಲ್ಲಿ. ಅಕ್ಕ, ಭಾವ ಕೂಡ ಇಲ್ಲೇ ಇದ್ದಾರೆ. ಭಾವ ತಮ್ಮ ಗ್ಯಾರೇಜಿನಲ್ಲೇ ಒಂದು ವಿಮಾನ ಕಟ್ಟಿದ್ದಾರೆ. ಆರ್‌ವಿ-6 ಎಂದು ಅದರ ಹೆಸರು. ಅಕ್ಕಪಕ್ಕ ಎರಡು ಸೀಟು, ಅಲ್ಯುಮಿನಿಯಂ ತಗಡಿನ ಮೈ, 160 ಕುದುರೆಶಕ್ತಿಯ ಲೈಕಮಿಂಗ್ ಎಂಜಿನ್. ಕಿಟ್ ವ್ಯಾನ್ಸ್ ಕಂಪನಿಯದು. ರಿವೆಟ್ ಹೊಡೆಯುವಾಗ ಎಷ್ಟೋ ಶನಿವಾರ ಹಿಂದಿನಿಂದ ಕಬ್ಬಿಣದ ತುಂಡು ಒತ್ತಿ ಹಿಡಿದವನು ನಾನು. ವಿಮಾನ ಹಾರುತ್ತಿದೆ. ಈಗ ಭಾವನ ಹಂಬಲವೆಲ್ಲ ಅದರ ವೇಗ ಹೆಚ್ಚಿಸುವುದು, ಅದೂ ಎಂಜಿನ್ ಮುಟ್ಟದೆ. ಅದರ ಬಗ್ಗೆ ನಮ್ಮ ಕನ್ನಡ ಕೂಟದ ಯುಗಾದಿ ಸಂಚಿಕೆಗೆ ಒಂದು ಲೇಖನ ಬರೆಯುತ್ತಿದ್ದೇನೆ. ಕರಡನ್ನು ಮೊದಲು ಅಪ್ಪನಿಗೆ ಕಳಿಸಿದ್ದೆ.

ಅಪ್ಪ ಅರಸೀಕೆರೆ ಕಡೆಯವರು. ಮೂವತ್ತು ವರ್ಷ ಟ್ರ್ಯಾಕ್ಟರ್ ಇಟ್ಟುಕೊಂಡಿದ್ದವರು. ಫೋನ್ ಮಾಡಿದರು.

“ಅಳಿಯಂದ್ರು ಎಳೆತ ಕಡಿಮೆ ಮಾಡಿದ್ರು, ಅದಕ್ಕೇ ವೇಗ ಜಾಸ್ತಿ ಆಯ್ತು ಅಂತ ಬರೆದಿದ್ದೀಯಲ್ಲೋ. ಎಳೆತ ಕಡಿಮೆಯಾದ್ರೆ ಗಾಡಿ ನಿಂತುಹೋಗಲ್ವಾ?”

ಅವರು ಹೇಳಿದ್ದು ಸರಿಯಾಗಿಯೇ ಇದೆ. ನಮ್ಮ ಕಡೆ ಗಾಡಿಗೆ ಕಸುವಿಲ್ಲದಿದ್ದರೆ ‘ಎಳೀತಾ ಇಲ್ಲ’ ಅನ್ನುತ್ತೇವೆ. ಎತ್ತು ಎಳೆಯುತ್ತದೆ, ಟ್ರ್ಯಾಕ್ಟರ್ ಎಳೆಯುತ್ತದೆ. ಮುಂದಕ್ಕೆ ಒಯ್ಯುವ ಶಕ್ತಿಗೇ ಎಳೆತ ಅನ್ನುವುದು. ಆರ್‌ವಿ-6ರಲ್ಲೂ ಪ್ರೊಪೆಲರ್ ಇರುವುದು ಮೂಗಿನಲ್ಲಿ. ಅದು ವಿಮಾನವನ್ನು ಮುಂದಿನಿಂದ ಎಳೆಯುತ್ತದೆ. ಇಂಥ ಪ್ರೊಪೆಲರ್‌ಗೆ ಇಂಗ್ಲಿಷ್‌ನಲ್ಲಿ ಇರುವ ಹೆಸರೇ ‘ಟ್ರ್ಯಾಕ್ಟರ್’! ಹಾಗಿರುವಾಗ ಹಿಂದಕ್ಕೆ ಹಿಡಿಯುವ ಬಲಕ್ಕೂ ‘ಎಳೆತ’ ಅಂದರೆ ಓದುಗ ಯಾವ ಕಡೆಗೆ ಅಂದುಕೊಳ್ಳಬೇಕು? ಥ್ರಸ್ಟ್‌ಗೆ (ಮುಂದಕ್ಕೆ ಒಯ್ಯುವ ಬಲಕ್ಕೆ) ಪಠ್ಯಪುಸ್ತಕಗಳಲ್ಲಿ ‘ನೂಕುಬಲ’ ಎಂದಿರುತ್ತದೆ. ಜೆಟ್ಟಿಗೆ, ರಾಕೆಟ್ಟಿಗೆ ಅದು ಚೆನ್ನಾಗಿ ಒಪ್ಪುತ್ತದೆ. ಮುಂದಿನಿಂದ ಎಳೆಯುವ ಪ್ರೊಪೆಲರ್ ಇದ್ದಾಗ ನೂಕುವುದು ಹಿಂದಿನಿಂದ ಅಲ್ವಾ ಎಂದು ಓದುಗ ತಡವರಿಸುತ್ತಾನೆ.

ಈ ಒಂದು ಪದಕ್ಕೆ ಇಷ್ಟು ಯಾಕೆ ಒದ್ದಾಟ ಅಂದರೆ, ನನ್ನ ಲೇಖನವೆಲ್ಲ ನಿಂತಿರುವುದು ಇದರ ಮೇಲೆಯೇ. ವಿಮಾನದ ವೇಗ ಹೆಚ್ಚಿಸಲು ಎಂಜಿನ್ ದೊಡ್ಡದು ಮಾಡುವುದು ತುಂಬಾ ದುಬಾರಿ ದಾರಿ. ಗಾಳಿ ಹಿಂದಕ್ಕೆ ಹಿಡಿಯುವ ಬಲ ವೇಗದ ವರ್ಗದಷ್ಟು ಬೆಳೆಯುತ್ತದೆ, ಅದನ್ನು ಮೀರಿ ಹಾರಲು ಬೇಕಾದ ಶಕ್ತಿ ವೇಗದ ಘನದಷ್ಟು. ಅಂದರೆ ವೇಗ ನೂರಕ್ಕೆ ಹತ್ತು ಹೆಚ್ಚಬೇಕಾದರೆ ಶಕ್ತಿ ನೂರಕ್ಕೆ 33 ಹೆಚ್ಚಬೇಕು. 160 ಕುದುರೆಶಕ್ತಿಯ ಎಂಜಿನ್ ತೆಗೆದು 180ರದ್ದು ಕೂರಿಸಿದರೂ ವೇಗ ಏರುವುದು ನೂರಕ್ಕೆ ನಾಲ್ಕರಷ್ಟು ಮಾತ್ರ. ಅದೇ ಹಿಡಿತವನ್ನು ಸಡಿಲಿಸಿದರೆ ಇದ್ದ ಎಂಜಿನ್ನೇ ಸಾಕು. 1928ರ ಹೊತ್ತಿಗೆ ಅಮೆರಿಕದ ವಿಮಾನ ಸಂಶೋಧನಾ ಸಂಸ್ಥೆ ನಾಕಾ ಇದನ್ನು ಎಲ್ಲರಿಗೂ ತೋರಿಸಿಕೊಟ್ಟಿತು. ಕರ್ಟಿಸ್ ಹಾಕ್ ಎಂಬ ವಿಮಾನದ ಬರಿಮೈ ಎಂಜಿನ್‌ಗೆ ಲೆಕ್ಕ ಹಾಕಿ ಮಾಡಿದ ಒಂದು ಬಾನೆಟ್ ತೊಡಿಸಿದರು. ಎಂಜಿನ್ ಅದೇ. ವೇಗ ಗಂಟೆಗೆ 118 ಮೈಲಿಯಿಂದ 137ಕ್ಕೆ ಏರಿತು.

ಭಾವನ ಗ್ಯಾರೇಜಿನಲ್ಲಿ ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ಆರ್‌ವಿ-6ರ ಚಕ್ರದ ಕಾಲುಗಳು ದುಂಡನೆಯ ಉಕ್ಕಿನ ಸಲಾಕೆಗಳು. ನೋಡಲು ಕೋಲಿನಷ್ಟು ತೆಳ್ಳಗೆ. ಆದರೆ ದುಂಡು ಸಲಾಕೆ ಗಾಳಿಗೆ ಸಿಕ್ಕರೆ, ಅದರ ಸುಮಾರು ಹತ್ತು ಪಟ್ಟು ದಪ್ಪದ, ಮೀನಿನ ಆಕಾರದ ವಸ್ತುವಿನಷ್ಟೇ ಹಿಡಿಯುತ್ತದೆ. ಅದಕ್ಕೆ ಕಾಲಿಗೆ ಮೀನಿನಾಕಾರದ ಫೈಬರ್ ಹೊದಿಕೆ ಹಾಕುತ್ತಾರೆ. ನಮ್ಮದಕ್ಕೂ ಹಾಕಿತ್ತು. ಆದರೂ ಅಂದುಕೊಂಡ ವೇಗ ಬರುತ್ತಿರಲಿಲ್ಲ.

ಭಾವ ಉಲ್ಲನ್ ದಾರವನ್ನು ಬೆರಳುದ್ದ ಕತ್ತರಿಸಿ, ಕಾಲು ಮತ್ತು ಮೈ ಸೇರುವ ಮೂಲೆಯ ಸುತ್ತ ಟೇಪಿನಿಂದ ಅಂಟಿಸಿದರು. ಸಣ್ಣ ಕ್ಯಾಮೆರಾ ಕಟ್ಟಿ ಹಾರಿದರು. ಸಂಜೆ ಅಡುಗೆಮನೆ ಮೇಜಿನ ಮೇಲೆ ವಿಡಿಯೋ ಹಾಕಿ ಕೂತೆವು. ಮುಂದಿನ ದಾರಗಳು ಬಾಚಿದ ಕೂದಲಿನ ಹಾಗೆ ನೆಟ್ಟಗೆ ಹಿಂದಕ್ಕೆ ಮಲಗಿದ್ದವು. ಮೂಲೆಯ ಹಿಂದಿನ ಎರಡು ದಾರ ಮಾತ್ರ ಗಿರಗಿರ ಸುತ್ತುತ್ತಿದ್ದವು. ಅದರಲ್ಲಿ ಒಂದಂತೂ ಆಗಾಗ ಮುಂದಕ್ಕೆ ತಿರುಗಿ ನಿಲ್ಲುತ್ತಿತ್ತು! ವಿಮಾನ ಗಂಟೆಗೆ 180 ಮೈಲಿ ವೇಗದಲ್ಲಿ ಹೋಗುತ್ತಿದೆ, ಆ ಮೂಲೆಯಲ್ಲಿ ಗಾಳಿ ಮಾತ್ರ ವಿಮಾನದ ಜೊತೆಗೇ ಮುಂದಕ್ಕೆ ಬರುತ್ತಿದೆ. ನಾನು ಆ ಭಾಗವನ್ನು ಹತ್ತು ಸಲ ನೋಡಿರಬಹುದು.

ಮುಂದಿನ ವಾರ ಗಾರೆ ಕೆಲಸದವರ ಹಾಗೆ ತೂಗುಗುಂಡು ಇಳಿಬಿಟ್ಟು, ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಅಳೆದೆವು. ಎಡಗಾಲಿನ ಹೊದಿಕೆ ತುಸು ಓರೆಯಾಗಿತ್ತು. ಅದನ್ನು ನೇರ ಮಾಡಿ, ಮೂಲೆಯನ್ನು ಫೈಬರಿನಿಂದ ನುಣ್ಣಗೆ ತುಂಬಿ, ಚಕ್ರದ ಬಳಿಯ ಸಂದು ಕಿರಿದು ಮಾಡಿದರು. 8,000 ಅಡಿ ಎತ್ತರದಲ್ಲಿ 182 ಮೈಲಿ ಇದ್ದ ವೇಗ 188 ಆಯಿತು. ಆರು ಮೈಲಿ ಅಷ್ಟೇನಾ ಅನಿಸಬಹುದು. ಎಂಜಿನ್‌ನಿಂದಲೇ ಈ ಆರು ಮೈಲಿ ಪಡೆಯಬೇಕಿದ್ದರೆ ಅದರ ಶಕ್ತಿ ನೂರಕ್ಕೆ ಹತ್ತರಷ್ಟು ಹೆಚ್ಚಬೇಕಿತ್ತು.

ಈಗ ಪದಕ್ಕೆ ಬರೋಣ. ‘ಎಳೆತ’ ಬೇಡ ಎಂದುಕೊಂಡ ಮೇಲೆ ‘ಗಾಳಿತಡೆ’ ಬರೆದು ನೋಡಿದೆ. ಕೃಷಿ ಇಲಾಖೆಯ ಕನ್ನಡ ಓದಿದವರಿಗೆ ಅದು ತೋಟದ ಅಂಚಿನಲ್ಲಿ ಸಾಲಾಗಿ ನೆಡುವ ಸರ್ವೆ, ಸಿಲ್ವರ್ ಓಕ್ ಮರ. ಅಲ್ಲಿ ಗಾಳಿಯನ್ನು ಮರ ತಡೆಯುತ್ತದೆ, ಇಲ್ಲಿ ವಿಮಾನವನ್ನು ಗಾಳಿ ತಡೆಯುತ್ತದೆ. ‘ಗಾಳಿ ಹಿಡಿತ’ ಅಂದರೆ ಹಳ್ಳಿಯಲ್ಲಿ ಬೇರೆಯೇ ಅರ್ಥ, ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅನ್ನುತ್ತಾರೆ. ‘ಕರ್ಷಣ’ ಕೇಳಿದರೆ ಆಕರ್ಷಣೆ, ಗುರುತ್ವಾಕರ್ಷಣೆಯ ನೆನಪು. ಅದೂ ಎಳೆಯುವುದೇ.

ಉಳಿದದ್ದು ಎರಡು. ಒಂದು ‘ಹಿನ್ನೆಳೆತ’. ‘ಮುನ್ನೆಚ್ಚರಿಕೆ’ ಆದ ಹಾಗೆ ಹಿನ್ನೆಳೆತ. ಕಟ್ಟಿದ ರೀತಿ ಸರಿಯಾಗಿದೆ, ದಿಕ್ಕೂ ಗೊತ್ತಾಗುತ್ತದೆ. ಇನ್ನೊಂದು ‘ಹಿಂಜಗ್ಗು’. ನನ್ನ ಮನಸ್ಸು ಇದರ ಕಡೆಗೆ. ಜಗ್ಗು ಅನ್ನುವಾಗ ಹೋಗುತ್ತಿರುವವರನ್ನು ಯಾರೋ ಹಿಂದಿನಿಂದ ಹಿಡಿದ ಚಿತ್ರ ಬರುತ್ತದೆ. ಮಗು ಅಮ್ಮನ ಸೆರಗು ಹಿಡಿದು ಜಗ್ಗುತ್ತದಲ್ಲ, ಗಾಳಿ ವಿಮಾನಕ್ಕೆ ಮಾಡುವುದೂ ಅದನ್ನೇ. ಕ್ರಿಯಾಪದವಾಗಿಯೂ ಸಲೀಸು: ‘ಮೂಲೆಯಲ್ಲಿ ಗಾಳಿ ಜಗ್ಗುತ್ತಿದೆ’.

ಒಂದು ಪದ ನಿಲ್ಲುತ್ತದೋ ಇಲ್ಲವೋ ಎಂದು ತಿಳಿಯಲು ಅದರ ಮುಂದೆ ಬೇರೆ ಪದ ಸೇರಿಸಿ ನೋಡಬೇಕು. ಡ್ರ್ಯಾಗ್‌ನಲ್ಲಿ ಹಲವು ಬಗೆ ಇವೆ. ಮೈಮೇಲೆ ಗಾಳಿ ಉಜ್ಜುವುದರಿಂದ ಆಗುವುದು ‘ಉಜ್ಜುಜಗ್ಗು’. ಆಕಾರದಿಂದ ಆಗುವುದು ‘ಆಕಾರದ ಜಗ್ಗು’. ಎರಡು ಭಾಗ ಸೇರುವಲ್ಲಿ ಆಗುವುದು ‘ಮೂಲೆಜಗ್ಗು’. ಎಂಜಿನ್ ತಂಪಾಗಿಸಲು ಒಳಕ್ಕೆ ಬಿಟ್ಟ ಗಾಳಿಯಿಂದ ಆಗುವುದು ‘ತಂಪಿನ ಜಗ್ಗು’. ರೆಕ್ಕೆ ವಿಮಾನವನ್ನು ಎತ್ತಿ ಹಿಡಿಯುವುದಕ್ಕೆ ತೆರಬೇಕಾದ್ದಕ್ಕೆ ‘ಎತ್ತುಜಗ್ಗು’ ಅನ್ನಬಹುದೇನೋ. ಇವೇ ಜಾಗದಲ್ಲಿ ‘ಹಿನ್ನೆಳೆತ’ ಹಾಕಿ ನೋಡಿ, ಬಾಯಿ ತಡೆಯುತ್ತದೆ. ಒಂದೇ ಅಳುಕು ಅಂದರೆ ನಮ್ಮ ಕಡೆ ‘ಅವನು ಯಾರಿಗೂ ಜಗ್ಗಲ್ಲ’ ಅಂದರೆ ಮಣಿಯುವುದಿಲ್ಲ ಎಂದರ್ಥ. ಹುಬ್ಬಳ್ಳಿ, ಧಾರವಾಡ, ಕಲಬುರಗಿ ಕಡೆಯವರಿಗೆ ‘ಹಿಂಜಗ್ಗು’ ಕೇಳಿದರೆ ಏನನಿಸುತ್ತದೆ? ‘ಹಿಂದಕ್ಕ ಜಗ್ಗು’ ಎಂದು ಬಿಡಿಸಿಯೇ ಹೇಳಬೇಕಾ, ಸಮಾಸ ಮಾಡಿದರೆ ಕಿವಿಗೆ ಒಗ್ಗುತ್ತದಾ?

ಎರಡನೇ ಪದ ‘ಫೇರಿಂಗ್’, ಅಂದರೆ ಮೇಲೆ ಹೇಳಿದ ಹೊದಿಕೆ. ಚಕ್ರಕ್ಕೆ ಹಾಕುವುದನ್ನು ಅಮೆರಿಕದವರು ‘ವೀಲ್ ಪ್ಯಾಂಟ್’ ಅನ್ನುತ್ತಾರೆ, ಬ್ರಿಟಿಷರು ‘ಸ್ಪ್ಯಾಟ್’. ಎರಡೂ ಉಡುಪಿನ ಹೆಸರು. ನಮಗೆ ‘ಗವಸು’ ಇದೆಯಲ್ಲ! ಕೈಗವಸು, ಮುಖಗವಸು ಇದ್ದ ಮೇಲೆ ಗಾಲಿಗವಸು, ಕಾಲುಗವಸು ಯಾಕೆ ಬೇಡ? ಇದನ್ನು ಲೇಖನದಲ್ಲಿ ಬಳಸಿಯೇ ಬಿಟ್ಟಿದ್ದೇನೆ.

‘ಏರ್‌ಸ್ಪೀಡ್’ ಮಾತ್ರ ಕಷ್ಟ. ಶಾಲೆಯ ಪುಸ್ತಕದಲ್ಲಿ ಸ್ಪೀಡ್‌ಗೆ ‘ಜವ’, ವೆಲಾಸಿಟಿಗೆ ‘ವೇಗ’ ಎಂದು ಕಲಿತೆವು. ಪರೀಕ್ಷೆ ಮುಗಿದ ಮೇಲೆ ಜವ ಅಂದವರನ್ನು ನಾನು ಕಂಡಿಲ್ಲ. ಸರಿ, ವೇಗವೇ ಇರಲಿ. ಆದರೆ ‘ಗಾಳಿವೇಗ’ ಅಂದರೆ ಹವಾಮಾನ ವರದಿಯ ಗಾಳಿಯ ವೇಗ. ನಮಗೆ ಬೇಕಾದ್ದು ಗಾಳಿಯಲ್ಲಿ ವಿಮಾನದ ವೇಗ. ನಾವು ಅಳೆಯುವಾಗ ಈ ಎರಡನ್ನೂ ಬೇರೆ ಮಾಡುವುದೇ ದೊಡ್ಡ ಕೆಲಸ. ನಾಲ್ಕು ದಿಕ್ಕಿಗೂ ಹಾರಿ, ಜಿಪಿಎಸ್ ತೋರಿಸಿದ್ದರ ಸರಾಸರಿ ತೆಗೆದರೆ ಗಾಳಿಯ ಪಾಲು ಹೆಚ್ಚುಕಡಿಮೆ ಕಳೆದುಹೋಗುತ್ತದೆ. ನಾನು ‘ಹಾರುವೇಗ’, ‘ನೆಲವೇಗ’ ಎಂದು ಜೋಡಿ ಮಾಡಿದ್ದೇನೆ. ಇನ್ನೊಂದು ತೊಡಕಿದೆ. 8,000 ಅಡಿಯಲ್ಲಿ ಗಾಳಿ ತೆಳು. ನಿಜವಾದ ವೇಗ 182 ಇದ್ದಾಗ ಮೀಟರಿನ ಮುಳ್ಳು ತೋರಿಸುವುದು 161ರ ಆಸುಪಾಸು. ಅದನ್ನು ‘ಮುಳ್ಳುವೇಗ’ ಅನ್ನಲಾ? ಬೇರೆ ಹೊಳೆದರೆ ಹೇಳಿ. ‘ರಿವೆಟ್’, ‘ಬಾನೆಟ್’ ಹಾಗೇ ಇರಲಿ, ಅವು ಕನ್ನಡವೇ ಆಗಿವೆ.

ಕೊನೆಗೆ, ಇಲ್ಲಿರುವ ಬೆಂಗಳೂರಿನ ಹಿರಿಯರಲ್ಲಿ ಒಂದು ಕೋರಿಕೆ. 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್‌ನವರು ಅಮೆರಿಕದ ವಿಮಾನ ವಿನ್ಯಾಸಕಾರ ಬರ್ಟ್ ರುಟಾನ್ ಅವರ ಲಾಂಗ್-ಈಜಿ ವಿಮಾನವನ್ನು ಆಧರಿಸಿ ಎಲ್‌ಸಿಆರ್‌ಎ ಎಂಬ ಪುಟ್ಟ ವಿಮಾನ ಕಟ್ಟಿದರು. ಲಾಂಗ್-ಈಜಿ ಕೂಡ ಮನೆಯಲ್ಲಿ ಕಟ್ಟಿಕೊಳ್ಳಲೆಂದೇ ಬಂದ ವಿಮಾನ. ಅದರ ಪ್ರೊಪೆಲರ್ ಹಿಂದಿರುತ್ತದೆ, ಹಾಗಾಗಿ ಅಲ್ಲಿ ‘ನೂಕುಬಲ’ ಸರಿಯಾಗಿಯೇ ಒಪ್ಪುತ್ತದೆ! ಆಮೇಲೆ ಅವರದೇ ‘ಹಂಸ’ ವಿಮಾನ ಬಂತು, 1993ರಲ್ಲಿ ಮೊದಲು ಹಾರಿತು. ಆ ಫೈಬರ್ ಹಾಸಿದ, ಉಜ್ಜಿದ ಕೈಗಳಲ್ಲಿ ಕನ್ನಡದವರದ್ದೂ ಇದ್ದೇ ಇರುತ್ತವೆ. ಅವರು ಶೆಡ್ಡಿನಲ್ಲಿ ತಮ್ಮ ತಮ್ಮಲ್ಲಿ ಏನು ಮಾತಾಡಿಕೊಳ್ಳುತ್ತಿದ್ದರು? ‘ಇಲ್ಲಿ ಗಾಳಿ ಸಿಕ್ಕಾಕೊಳ್ಳುತ್ತೆ’ ಅನ್ನುತ್ತಿದ್ದರೋ, ‘ಇಲ್ಲಿ ಜಗ್ಗುತ್ತೆ’ ಅನ್ನುತ್ತಿದ್ದರೋ? ಎಚ್‌ಎಎಲ್‌ನಲ್ಲಿ, ಜಕ್ಕೂರಿನ ಹ್ಯಾಂಗರುಗಳಲ್ಲಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿದ್ದರೆ ದಯವಿಟ್ಟು ಕೇಳಿ ನೋಡಿ. ಅವರ ಬಾಯಲ್ಲಿ ಒಂದು ಪದ ಆಗಲೇ ಇದ್ದರೆ ನನ್ನ ‘ಹಿಂಜಗ್ಗು’ ತೆಗೆದು ಅದನ್ನೇ ಹಾಕುತ್ತೇನೆ. ಸಂಚಿಕೆ ಅಚ್ಚಿಗೆ ಹೋಗಲು ಇನ್ನೂ ಮೂರು ವಾರ ಇದೆ.