ಅಪ್‌ಡೇಟ್: ಮೆಣಸಿನ ಸಸಿಯ ಬೇರುಗಂಟು

ಕಳೆದ ವರ್ಷ ಜಗಳೂರಿನ ನಮ್ಮ ಸಸಿಮಡಿಯಲ್ಲಿ ಮೆಣಸಿನ ಸಸಿಗಳು ಹಳದಿಯಾಗಿ, ಬೇರಿನ ತುಂಬ ಜಂತುಹುಳುವಿನ (ಮಣ್ಣಿನಲ್ಲಿರುವ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಹುಳು, ನೆಮಟೋಡ್) ಗಂಟು ಕಟ್ಟಿದ್ದವು. ಏನು ಮಾಡಲಿ ಎಂದು ನಿಮ್ಮನ್ನು ಕೇಳಿದ್ದೆ. ನೀವು ಹೇಳಿದಂತೆ ಏಪ್ರಿಲ್‌ನಲ್ಲಿ ಮಡಿಗೆ ನೀರುಣಿಸಿ, ತೆಳುವಾದ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚನ್ನು ಮಣ್ಣಿನಿಂದ ಮುಚ್ಚಿ, ಬಿಸಿಲಿನ ಕಾವಿಗೆ ಹುಳು ಸಾಯಲೆಂದು 6 ವಾರ ಬಿಟ್ಟೆ. ನಾನು ಕಪ್ಪು ಹಾಳೆ ತರುವವನಿದ್ದೆ. ಅದು ಬಿಸಿಲನ್ನು ತಾನೇ ಹೀರಿಕೊಳ್ಳುತ್ತದೆ, ಕೆಳಗಿನ ಮಣ್ಣು ಅಷ್ಟು ಕಾಯುವುದಿಲ್ಲ ಎಂದು ನೀವು ತಡೆದದ್ದು ದೊಡ್ಡ ಉಪಕಾರ. ಬಳಿಕ ಟ್ರೈಕೋಡರ್ಮಾ (ಬೇರಿನ ರೋಗ ತಡೆಯುವ ಉಪಕಾರಿ ಶಿಲೀಂಧ್ರ) ಬೆರೆಸಿದ ಕೊಟ್ಟಿಗೆ ಗೊಬ್ಬರ, ಬೇವಿನ ಹಿಂಡಿ ಹಾಕಿ ಬಿತ್ತಿದೆ.

40ನೆಯ ದಿನ 20 ಸಸಿಗಳನ್ನು ಕಿತ್ತು ತೊಳೆದು ನೋಡಿದೆ. ಎರಡರಲ್ಲಿ ಮಾತ್ರ ಸಣ್ಣ ಗಂಟುಗಳಿದ್ದವು, ಅವೂ ಮಣ್ಣು ಸರಿಯಾಗಿ ಕಾಯದ ಅಂಚಿನವು. ಉಳಿದವುಗಳ ಬಿಳಿ ಬೇರನ್ನು ಅಂಗೈಯಲ್ಲಿ ಹಿಡಿದು ನನ್ನ ಹೆಂಡತಿ ಬಹಳ ಹೊತ್ತು ನಿಂತಿದ್ದಳು. ಟೊಮೆಟೊಗೂ ಇದೇ ಹುಳು ಬರುವುದರಿಂದ, ಹಿಂದೆ ಟೊಮೆಟೊ ಇದ್ದ ಹೊಲಕ್ಕೆ ಮಾತ್ರ ಈ ಸಸಿ ಹಾಕುವುದಿಲ್ಲ. ಅಲ್ಲಿ ಈ ಬಾರಿ ಈ ಹುಳುವನ್ನು ತಗ್ಗಿಸುವ ಚೆಂಡುಹೂವು.